ಬಾಗಿಲು ಸರಿಯಾಗೇ ಇತ್ತು

ವಿಮಾನದಲ್ಲಿ ಬಾಗಿಲ ಪಕ್ಕದ ಸೀಟು ಸಿಕ್ಕಿದವರಿಗೆ ಒಂದು ಸದ್ದಿನ ಪರಿಚಯ ಇರಬಹುದು. ಇಂಜಿನ್ನಿನ ಮೊರೆತದ ನಡುವೆಯೇ ಸಣ್ಣಗೆ, ಎಡೆಬಿಡದೆ, ‘ಸುಂಯ್...’ ಅಂತ ಒಂದು ಶಿಳ್ಳೆ. ಕಾಲಿನ ಹತ್ತಿರ ಒಂಚೂರು ತಣ್ಣಗೆ ಬೇರೆ. ಮೊದಲ ಸಲ ಮಕ್ಕಳನ್ನು ನೋಡಲು ಹೊರಟ ಅಪ್ಪ-ಅಮ್ಮಂದಿರು ಇಂಥ ಕಡೆ ಕೂತರೆ ಮುಗಿಯಿತು. “ಏನಪ್ಪಾ ಅದು, ಬಾಗಿಲು ಸರಿಯಾಗಿ ಹಾಕಿಲ್ವಾ? ಯಾರಿಗಾದ್ರೂ ಹೇಳ್ಬೇಕಾ?” ಅಂತ ಶುರು. ಪಕ್ಕದಲ್ಲಿ ಕೂತ ಇಂಜಿನಿಯರ್ ಮಗ “ಏನೂ ಆಗಲ್ಲಮ್ಮ, ಮಲಕ್ಕೋ” ಅಂದು ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ. ಅವನಿಗೂ ಉತ್ತರ ಗೊತ್ತಿರುವುದಿಲ್ಲ ಅನ್ನುವುದು ಬೇರೆ ಮಾತು.

ನಾನಿರುವ ಡಿಡ್ಸ್‌ಬರಿಯಿಂದ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ ಮೂರು-ನಾಲ್ಕು ಮೈಲಿ. ಆಕಾಶ ಶುಭ್ರವಾಗಿದ್ದ ದಿನ (ಇಲ್ಲಿ ಅದೇ ಅಪರೂಪ) ವಿಮಾನಗಳು ಇಳಿಯೋದು, ಏರೋದು ಕಾಣುತ್ತಲೇ ಇರುತ್ತದೆ. ನನ್ನ ಕೆಲಸ ಸಾಫ್ಟ್‌ವೇರ್. ಬರೆದ ಕೋಡ್ ಸರಿಯಿದೆಯಾ ಅಂತ ನೋಡಲು ಇನ್ನಷ್ಟು ಕೋಡ್ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಬೇರೆ ಕಸುಬಿನವರು ತಮ್ಮ ಕೆಲಸವನ್ನು ಹೇಗೆ ಪರೀಕ್ಷೆ ಮಾಡ್ತಾರೆ ಅನ್ನೋದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಕುತೂಹಲ. ವಿಮಾನದ ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿ, ಅಂದ್ರೆ ಸೀಲ್, ಗಾಳಿ ಬಿಡುತ್ತಿದೆಯಾ ಅಂತ ನೋಡುವುದು ಹೇಗೆ? ಹೀಗೆ ಓದುತ್ತಾ ಹೋದಾಗ ಎದುರಾದದ್ದು 2005ರ ಒಂದು ರಾತ್ರಿ ನಡೆದ ಪರೀಕ್ಷೆ. ಬಾಗಿಲು ಪಾಸಾಗಿತ್ತು. ಆದರೂ ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ವಿಮಾನದಲ್ಲಿದ್ದ 121 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಕಥೆ ಹೇಳೋಕೆ ಮುಂಚೆ ಬಾಗಿಲು, ಸೀಲ್ ಇವೆಲ್ಲ ಏನು ಅಂತ ನೋಡಿಬಿಡೋಣ. ಅದಕ್ಕೆ ಅಡುಗೆಮನೆಗೆ ಹೋಗೋಣ ಬನ್ನಿ.

ಕುಕ್ಕರ್ ಪಾಠ

ನಮ್ಮ ಮನೆಗಳಲ್ಲಿ ಎರಡು ಥರದ ಕುಕ್ಕರ್ ನೋಡಿರ್ತೀರಿ. ಒಂದರಲ್ಲಿ ಮುಚ್ಚಳ ಹೊರಗಿನಿಂದ ಕೂತು, ತಿರುಗಿಸಿದರೆ ಲಾಕ್ ಆಗುತ್ತದೆ. ಇನ್ನೊಂದು ಹಾಕಿನ್ಸ್ ಥರದ್ದು. ಅದರ ಮುಚ್ಚಳ ಬಾಯಿಗಿಂತ ದೊಡ್ಡದು, ಒಂಚೂರು ಮೊಟ್ಟೆಯಾಕಾರ. ಅದನ್ನು ಓರೆ ಮಾಡಿ ಒಳಗೆ ತೂರಿಸಿ, ಒಳಗಿನಿಂದಲೇ ಮೇಲಕ್ಕೆ ಎಳೆದು ಕೂರಿಸಬೇಕು. ಹೊಸದಾಗಿ ಅಡುಗೆ ಕಲಿಯುವವರಿಗೆ ಇದೊಂದು ದೊಡ್ಡ ಸರ್ಕಸ್ಸು. ಆದರೆ ಅದರ ಜಾಣತನ ನೋಡಿ: ಒಳಗೆ ಹಬೆ ಹೆಚ್ಚಾದಷ್ಟೂ ಮುಚ್ಚಳ ಇನ್ನೂ ಬಿಗಿಯಾಗಿ ಕೂರುತ್ತದೆ. ಒತ್ತಡ ಇರುವಾಗ ತೆಗೀತೀನಿ ಅಂದ್ರೂ ತೆಗೆಯೋಕೆ ಬರಲ್ಲ.

ಬೋಯಿಂಗ್ 737 ವಿಮಾನದ ಬಾಗಿಲು ಈ ಎರಡನೇ ಜಾತಿಯದು. ಮುಂದಿನ ಸಲ ಗಗನಸಖಿ ಬಾಗಿಲು ತೆಗೆಯುವಾಗ ಗಮನಿಸಿ. ಅದು ಮೊದಲು ಒಂಚೂರು ಒಳಗೆ ಬಂದು, ಓರೆಯಾಗಿ ತಿರುಗಿ, ಆಮೇಲೆ ಹೊರಗೆ ಹೋಗುತ್ತದೆ. ಹಾಕಿನ್ಸ್ ಮುಚ್ಚಳದ ಸರ್ಕಸ್ಸೇ!

ಈಗ ಸ್ವಲ್ಪ ಲೆಕ್ಕ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಒಂದು ಚದರ ಇಂಚಿಗೆ 14.7 ಪೌಂಡ್, ಅಂದ್ರೆ 14.7 ಪಿಎಸ್‌ಐ. 35,000 ಅಡಿ ಮೇಲೆ ಅದು ಸುಮಾರು 3.5. ಅಷ್ಟು ತೆಳು ಗಾಳಿಯಲ್ಲಿ ಮನುಷ್ಯ ಬದುಕಲಾರ. ಅದಕ್ಕೇ ಕ್ಯಾಬಿನ್ನಿನೊಳಗೆ ಗಾಳಿ ತುಂಬಿ, ಹೆಚ್ಚೆಂದರೆ 8,000 ಅಡಿ ಎತ್ತರದಲ್ಲಿ ಇರುವಷ್ಟು ಒತ್ತಡ, ಸುಮಾರು 10.9 ಪಿಎಸ್‌ಐ, ಕಾಯ್ದುಕೊಳ್ಳುತ್ತಾರೆ. ಊಟಿಯ ದೊಡ್ಡಬೆಟ್ಟದ ತುದಿ 8,652 ಅಡಿ. ಅಂದ್ರೆ ವಿಮಾನ ಎವರೆಸ್ಟಿಗಿಂತ ಮೇಲೆ ಹಾರುತ್ತಿದ್ದರೂ ನೀವು ಕೂತಿರೋದು ದೊಡ್ಡಬೆಟ್ಟದಿಂದ ಒಂಚೂರು ಕೆಳಗೆ.

ಒಳಗೂ ಹೊರಗೂ ಸುಮಾರು ಏಳೂವರೆ ಪಿಎಸ್‌ಐ ವ್ಯತ್ಯಾಸ. ಕುಕ್ಕರಿನೊಳಗೆ ಕೂಗುವ ಹೊತ್ತಿಗೆ ಹೊರಗಿಗಿಂತ ಸುಮಾರು 15 ಪಿಎಸ್‌ಐ ಹೆಚ್ಚಿರುತ್ತದೆ. ಇದು ಅದರ ಅರ್ಧ. “ಅಷ್ಟೇನಾ?” ಅನ್ನಬೇಡಿ. ಕುಕ್ಕರಿನ ಬಾಯಿ ಸಣ್ಣದು. ವಿಮಾನದ ಹಿಂಬದಿಯ ಸರ್ವಿಸ್ ಬಾಗಿಲು ಸುಮಾರು ಎರಡೂವರೆ ಅಡಿ ಅಗಲ, ಐದೂವರೆ ಅಡಿ ಎತ್ತರ. ಗುಣಿಸಿ ನೋಡಿದರೆ ಬಾಗಿಲ ಮೇಲೆ ಬೀಳುವ ಬಲ ಆರು ಟನ್ನಿಗೂ ಹೆಚ್ಚು. ದಸರಾದಲ್ಲಿ ಅಂಬಾರಿ ಹೊರುವ ಆನೆ ಸುಮಾರು ಐದು ಟನ್ ತೂಗುತ್ತದೆ. ಅಂಥ ಒಂದು ಆನೆ ಒಳಗಿನಿಂದ ಬಾಗಿಲಿಗೆ ಒರಗಿ ಕೂತಿದೆ ಅಂದುಕೊಳ್ಳಿ. ಕುಡಿದ ಅಮಲಿನಲ್ಲಿ ಯಾರೋ ಹಿಡಿ ಎಳೆದರೆ ನಡು ಆಕಾಶದಲ್ಲಿ ಅಷ್ಟು ಎತ್ತರದಲ್ಲಿ ಆ ಬಾಗಿಲು ಯಾಕೆ ತೆರೆಯೋದಿಲ್ಲ ಅಂತ ಈಗ ಗೊತ್ತಾಯ್ತಲ್ಲ?

ರಬ್ಬರ್ ಪಟ್ಟಿ ಏನು ಮಾಡುತ್ತೆ?

ಇಷ್ಟು ಬಿಗಿಯಾಗಿ ಕೂತರೂ ಲೋಹಕ್ಕೂ ಲೋಹಕ್ಕೂ ನಡುವೆ ಸಂದು ಉಳಿಯುತ್ತದೆ. ಅದನ್ನು ಮುಚ್ಚೋದು ಸೀಲ್, ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಅನೇಕ ವಿಮಾನಗಳಲ್ಲಿ ಇದು ಒಳಗೆ ಟೊಳ್ಳಾಗಿರುವ ರಬ್ಬರ್ ಕೊಳವೆ. ಅದರ ಒಳಮೈಯಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳಿರುತ್ತವೆ. ಕ್ಯಾಬಿನ್ನಿನ ಗಾಳಿ ಆ ತೂತುಗಳಿಂದ ಒಳಗೆ ನುಗ್ಗಿ ಕೊಳವೆಯನ್ನು ಉಬ್ಬಿಸುತ್ತದೆ. ಉಬ್ಬಿದ ಕೊಳವೆ ಸಂದನ್ನು ತುಂಬುತ್ತದೆ. ಇದಕ್ಕೆ ಬೇರೆ ಪಂಪ್ ಬೇಡ, ಮೋಟರ್ ಬೇಡ.

ಗ್ಯಾಸ್ಕೆಟ್ ಹಳೆಯದಾದರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಗಟ್ಟಿಯಾಗುತ್ತೆ, ಸೀಳುತ್ತೆ. ಅದರ ಮೇಲೆ ಸೀಲಿಗೆ ಇನ್ನಷ್ಟು ಕಷ್ಟಗಳು: ಊಟದ ಗಾಡಿ ಒಳಗೆ ತರುವಾಗ ತಾಗಿ ಹರಿಯುತ್ತದೆ, ಮಳೆ ನೀರು ನಿಂತು ಮೇಲೆ ಹೋದಾಗ ಮಂಜುಗಡ್ಡೆಯಾಗುತ್ತದೆ. ಆಗ ಪಟ್ಟಿ ಸರಿಯಾಗಿ ಉಬ್ಬದೆ ಶಿಳ್ಳೆ ಬರಬಹುದು.

ಹಾಗಂತ ಶಿಳ್ಳೆ ಕೇಳಿದ ಕೂಡಲೇ ಗಾಬರಿಯಾಗಬೇಕಿಲ್ಲ. ಕ್ಯಾಬಿನ್ ಅಂದ್ರೆ ಮುಚ್ಚಿಟ್ಟ ಸೀಸೆ ಅಲ್ಲ. ಒಂದು ಕಡೆ ನಲ್ಲಿ ಬಿಟ್ಟು, ಇನ್ನೊಂದು ಕಡೆ ತೂಬು ಸ್ವಲ್ಪ ತೆರೆದಿಟ್ಟ ನೀರಿನ ತೊಟ್ಟಿಯ ಹಾಗೆ. ಇಂಜಿನ್ನಿನ ಕಡೆಯಿಂದ ಗಾಳಿ ಸದಾ ಒಳಗೆ ಬರುತ್ತಿರುತ್ತದೆ. ಬಾಲದ ಹತ್ತಿರ ಇರುವ ಔಟ್‌ಫ್ಲೋ ವಾಲ್ವ್ ಅನ್ನೋ ಕವಾಟದಿಂದ ಸದಾ ಹೊರಗೆ ಹೋಗುತ್ತಿರುತ್ತದೆ. ತೊಟ್ಟಿಯ ಮಟ್ಟ ನಿರ್ಧಾರ ಆಗೋದು ಆ ತೂಬು ಎಷ್ಟು ತೆರೆದಿದೆ ಅನ್ನೋದರಿಂದ. ಸೀಲಿನಲ್ಲಿ ಸಣ್ಣ ಸೋರಿಕೆ ಇದ್ದರೆ ಕವಾಟ ತಾನೇ ಇನ್ನೊಂಚೂರು ಮುಚ್ಚಿಕೊಂಡು ಸರಿದೂಗಿಸುತ್ತದೆ. ಈ ಕವಾಟವನ್ನು ನೆನಪಿಟ್ಟುಕೊಳ್ಳಿ, ಕಥೆಯ ಮುಖ್ಯ ಪಾತ್ರ ಇದೇ.

ಅಂದಹಾಗೆ, ವಿಮಾನದ ಬಾಗಿಲು ನಮ್ಮ ಬೆಂಗಳೂರಿಗೆ ಹೊಸದೇನಲ್ಲ. ಏರ್‌ಬಸ್ ಎ320 ವಿಮಾನದ ಮುಂದಿನ ಪ್ರಯಾಣಿಕರ ಬಾಗಿಲು ಮಾಡುವ ಕೆಲಸ ಎಚ್‌ಎಎಲ್‌ಗೆ ಸಿಕ್ಕಿದ್ದು 1988ರಲ್ಲಿ. 2024ರಲ್ಲಿ ಎ220 ವಿಮಾನದ ಬಾಗಿಲುಗಳ ಗುತ್ತಿಗೆ ಬೆಂಗಳೂರಿನದೇ ಆದ ಡೈನಮ್ಯಾಟಿಕ್ ಟೆಕ್ನಾಲಜೀಸ್‌ಗೆ ಬಂತು. ನಾನಿರುವ ಕಡೆಗೂ ಒಂದು ನಂಟಿದೆ. ಡಿಡ್ಸ್‌ಬರಿಯಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ವುಡ್‌ಫರ್ಡ್. ನಮ್ಮ ವಾಯುಪಡೆಯವರು ‘ಆವ್ರೊ’ ಅಂತ ಕರೆಯುವ ಎಚ್‌ಎಸ್ 748 ವಿಮಾನ 1960ರಲ್ಲಿ ಮೊದಲು ಹಾರಿದ್ದು ಅಲ್ಲಿಂದ. ಮರುವರ್ಷವೇ ಎಚ್‌ಎಎಲ್ ಅದನ್ನು ಕಾನ್ಪುರದಲ್ಲಿ ಜೋಡಿಸಿ ಹಾರಿಸಿತು. ವುಡ್‌ಫರ್ಡ್ ಕಾರ್ಖಾನೆ 2011ರಲ್ಲಿ ಮುಚ್ಚಿತು. ಈಗ ಅಲ್ಲೊಂದು ಮ್ಯೂಸಿಯಂ ಇದೆ, ಸುತ್ತ ಮನೆಗಳೆದ್ದಿವೆ.

ಪರೀಕ್ಷೆ ಮಾಡೋದು ಹೇಗೆ?

ಸರಿ, ಬಾಗಿಲ ಸೀಲ್ ಮೇಲೆ ಅನುಮಾನ ಬಂತು ಅನ್ನಿ. ಮೊದಲ ಕೆಲಸ ಕಣ್ಣಲ್ಲಿ ನೋಡೋದು, ಕೈಯಲ್ಲಿ ಸವರೋದು. ಹರಿದಿದೆಯಾ, ಜಾಗ ಬಿಟ್ಟು ಸರಿದಿದೆಯಾ, ತೂತುಗಳು ಕಟ್ಟಿಕೊಂಡಿವೆಯಾ ಅಂತ.

ಇನ್ನೊಂದು ದಾರಿ ಶಬ್ದದ್ದು. ಒಳಗೆ ಒಂದು ಸಣ್ಣ ಪೆಟ್ಟಿಗೆ ಇಟ್ಟು ಅದರಿಂದ ಸುಮಾರು 40 ಕಿಲೋಹರ್ಟ್ಸ್‌ನ ಸದ್ದು ಹೊರಡಿಸುತ್ತಾರೆ. ನಮ್ಮ ಕಿವಿಗೆ 20ರ ಮೇಲೆ ಏನೂ ಕೇಳಿಸೋದಿಲ್ಲ. ಹೊರಗೆ ಒಬ್ಬರು ಪತ್ತೆಯಂತ್ರ ಹಿಡಿದು ಬಾಗಿಲ ಅಂಚಿನುದ್ದಕ್ಕೂ ನಿಧಾನವಾಗಿ ಸಾಗುತ್ತಾರೆ. ಸೀಲಿನಲ್ಲಿ ಸಂದು ಇದ್ದ ಕಡೆ ಸದ್ದು ನುಸುಳಿ ಯಂತ್ರ ಕೂಗುತ್ತದೆ. ಇದಕ್ಕೆ ಗಾಳಿ ತುಂಬಲೇಬೇಕು ಅಂತಿಲ್ಲ.

ಆದರೆ ಕೊನೆಯ ಮಾತು ನಿಜವಾದ ಒತ್ತಡದ್ದೇ. ವಿಮಾನ ನೆಲದ ಮೇಲೆ ನಿಂತಿರುವಾಗಲೇ ಬಾಗಿಲು ಹಾಕಿ, ಬಾಲದಲ್ಲಿರುವ ಸಣ್ಣ ಇಂಜಿನ್ ಓಡಿಸಿ, ಕ್ಯಾಬಿನ್ನಿಗೆ ಗಾಳಿ ತುಂಬುತ್ತಾರೆ. ಬೇಕಾದ ಮಟ್ಟಕ್ಕೆ ಬಂದ ಮೇಲೆ ಒಳಗೆ ಬರುವ ಗಾಳಿ ನಿಲ್ಲಿಸಿ, ಗಡಿಯಾರ ನೋಡುತ್ತಾ ಒತ್ತಡ ಎಷ್ಟು ಬೇಗ ಇಳಿಯುತ್ತೆ ಅಂತ ಅಳೆಯಬಹುದು. ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ಆಗ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕೋದೂ ಉಂಟು, ಸೈಕಲ್ ಶಾಪಿನವನು ಟ್ಯೂಬನ್ನು ಬಕೆಟ್ಟಿನಲ್ಲಿ ಅದ್ದಿ ಪಂಕ್ಚರ್ ಹುಡುಕಿದ ಹಾಗೆ.

ಇಲ್ಲೊಂದು ತೊಡಕಿದೆ. ವಿಮಾನ ನೆಲದ ಮೇಲಿರುವಾಗ ಆ ಔಟ್‌ಫ್ಲೋ ಕವಾಟ ಸಹಜವಾಗಿ ಪೂರ್ತಿ ತೆರೆದಿರುತ್ತದೆ. ಇರಲೇಬೇಕು. ಒಳಗೆ ಒತ್ತಡ ಉಳಿದಿರುವಾಗ ಬಾಗಿಲು ತೆಗೆದರೆ ಏನಾಗುತ್ತೆ ಅನ್ನೋದಕ್ಕೆ 2000ದ ನವೆಂಬರಿನಲ್ಲಿ ಮಯಾಮಿಯಲ್ಲಿ ನಡೆದದ್ದೇ ಸಾಕ್ಷಿ. ತುರ್ತಾಗಿ ಇಳಿದಿದ್ದ ಏರ್‌ಬಸ್ ಎ300 ವಿಮಾನದಲ್ಲಿ ಒತ್ತಡ ಇನ್ನೂ ಇಳಿದಿರಲಿಲ್ಲ. ಬಾಗಿಲನ್ನು ಬಲವಂತದಿಂದ ತೆರೆದ ವಿಮಾನ ಸಿಬ್ಬಂದಿಯೊಬ್ಬರು ಹೊರಕ್ಕೆ ಎಸೆಯಲ್ಪಟ್ಟು ಸತ್ತರು. ಹಾಗಾಗಿ ನೆಲದ ಮೇಲೆ ಕವಾಟ ತೆರೆದಿರೋದೇ ಕ್ಷೇಮ. ಆದರೆ ಕವಾಟ ತೆರೆದಿದ್ದರೆ ಗಾಳಿ ತುಂಬೋದು ಹೇಗೆ? ತೂಬು ತೆಗೆದ ತೊಟ್ಟಿಯಲ್ಲಿ ನೀರು ನಿಲ್ಲುತ್ತಾ?

ಅದಕ್ಕೆ 737ರ ಕಾಕ್‌ಪಿಟ್ಟಿನಲ್ಲಿ, ಪೈಲಟ್‌ಗಳ ತಲೆ ಮೇಲಿನ ಫಲಕದಲ್ಲಿ, ಒಂದು ಗುಂಡಿ ತಿರುಗಿಸಬೇಕು. ಹಾರುವಾಗ ಅದು ‘ಆಟೋ’ದಲ್ಲಿರುತ್ತದೆ; ಕವಾಟವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಪರೀಕ್ಷೆಗೆ ಅದನ್ನು ‘ಮ್ಯಾನ್’, ಅಂದ್ರೆ ಮ್ಯಾನುಯಲ್‌ಗೆ ತಿರುಗಿಸಿ, ಕವಾಟವನ್ನು ಕೈಯಾರೆ ಮುಚ್ಚಬೇಕು. ಪರೀಕ್ಷೆ ಮುಗಿದ ಮೇಲೆ... ಅಲ್ಲೇ ಇರೋದು ವಿಷಯ.

ಪರೀಕ್ಷೆಯನ್ನೇ ಕೇಳದಿದ್ದಾಗ

ಲಾರ್ನಕಾಕ್ಕೆ ಹೋಗುವ ಮುಂಚೆ ಇಲ್ಲೇ ಹತ್ತಿರದ ಬರ್ಮಿಂಗ್‌ಹ್ಯಾಮಿಗೆ ಒಂದು ಸುತ್ತು ಹೋಗಿ ಬರೋಣ. “ಇಷ್ಟೆಲ್ಲ ಪರೀಕ್ಷೆ ಯಾಕೆ, ಸರಿಯಾಗಿ ಜೋಡಿಸಿದರೆ ಸಾಲದಾ?” ಅನ್ನುವವರಿಗೆ ಉತ್ತರ ಅಲ್ಲಿದೆ.

1990ರ ಜೂನ್ 10. ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಾಲಗಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನ. 17,000 ಅಡಿ ದಾಟುವಾಗ ಕ್ಯಾಪ್ಟನ್ ಎದುರಿನ ಗಾಜು ಇದ್ದಕ್ಕಿದ್ದಂತೆ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ! ಸಿಬ್ಬಂದಿ ಅವರ ಕಾಲುಗಳನ್ನು ಹಿಡಿದುಕೊಂಡೇ ಇದ್ದರು, ಕೋ-ಪೈಲಟ್ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು. ಒಬ್ಬರೂ ಸಾಯಲಿಲ್ಲ.

ಆ ಗಾಜನ್ನು ಹೊಸದಾಗಿ ಕೂರಿಸಿ 27 ಗಂಟೆಯಾಗಿತ್ತಷ್ಟೆ. ಹಾಕಿದ್ದ 90 ಬೋಲ್ಟ್‌ಗಳಲ್ಲಿ 84 ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಸಪೂರ. ಅದರ ಮೇಲೆ ಆ ಗಾಜು ಹೊರಗಿನಿಂದ ಕೂರಿಸುವಂಥದು. ಹಾಕಿನ್ಸ್ ಮುಚ್ಚಳದ ತದ್ವಿರುದ್ಧ: ಒಳಗಿನ ಗಾಳಿ ಅದನ್ನು ಬಿಗಿ ಮಾಡಲಿಲ್ಲ, ಹೊರಗೆ ತಳ್ಳಿತು. ಗಾಜು ಬದಲಿಸಿದ ಮೇಲೆ ಕ್ಯಾಬಿನ್ನಿಗೆ ಗಾಳಿ ತುಂಬಿ ನೋಡಬೇಕು ಅಂತ ಆಗಿನ ನಿಯಮ ಕೇಳುತ್ತಿರಲಿಲ್ಲ, ಇನ್ನೊಬ್ಬರು ಬಂದು ನೋಡಬೇಕು ಅಂತಲೂ ಇರಲಿಲ್ಲ. ಗಾಳಿ ತುಂಬಿ ನೋಡಿದ್ದರೆ ಆ ಬೋಲ್ಟ್‌ಗಳು ಬಹುಶಃ ಹ್ಯಾಂಗರಿನಲ್ಲೇ ಬಣ್ಣ ಬಯಲು ಮಾಡುತ್ತಿದ್ದವು.

ಇದರಿಂದ ಎಲ್ಲರೂ ಕಲಿಯುವ ಪಾಠ: ಪರೀಕ್ಷೆ ಮಾಡಿ. ಸರಿಯಾದ ಪಾಠವೇ. ಆದರೆ ಅದು ಅರ್ಧ ಪಾಠ.

ಲಾರ್ನಕಾದ ರಾತ್ರಿ

2005ರ ಆಗಸ್ಟ್ 14, ಭಾನುವಾರ. ಸೈಪ್ರಸ್ ದ್ವೀಪದ ಲಾರ್ನಕಾ. ಹೀಲಿಯೋಸ್ ಏರ್‌ವೇಸ್‌ನ ಬೋಯಿಂಗ್ 737-300 ವಿಮಾನ ನಡುರಾತ್ರಿ ಕಳೆದು ಒಂದೂವರೆ ಹೊತ್ತಿಗೆ ಲಂಡನ್ನಿನಿಂದ ಬಂದಿಳಿಯಿತು. ಕ್ಯಾಬಿನ್ ಸಿಬ್ಬಂದಿ ಒಂದು ದೂರು ಬರೆದಿಟ್ಟರು: ಹಿಂಬದಿಯ ಸರ್ವಿಸ್ ಬಾಗಿಲಿನ ಸೀಲ್ ಹಾರುವಾಗ ಹೆಪ್ಪುಗಟ್ಟುತ್ತದೆ, ದಢಾರ್ ಅಂತ ಸದ್ದು ಬರುತ್ತದೆ. ಸುಮ್ಮನೆ ತಳ್ಳಿಹಾಕುವ ದೂರಲ್ಲ. 2004ರ ಡಿಸೆಂಬರಿನಲ್ಲಿ ವಾರ್ಸಾದಿಂದ ಬರುವಾಗ ಇದೇ ವಿಮಾನದ ಕ್ಯಾಬಿನ್ ಒತ್ತಡ ಹಠಾತ್ತನೆ ಇಳಿದುಹೋಗಿತ್ತು.

ರಾತ್ರಿ ಪಾಳಿಯ ಇಂಜಿನಿಯರ್ ಬಾಗಿಲನ್ನು ನೋಡಿದರು. ಏನೂ ಕಾಣಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ, ಮೇಲೆ ಹೇಳಿದ ಹಾಗೆ ಗುಂಡಿಯನ್ನು ಮ್ಯಾನುಯಲ್‌ಗೆ ತಿರುಗಿಸಿ, ಗಾಳಿ ತುಂಬಿ, ಒತ್ತಡವನ್ನು ಗರಿಷ್ಠ ಮಟ್ಟದವರೆಗೂ ಒಯ್ದರು. 8.25 ಪಿಎಸ್‌ಐಗೆ ಸುರಕ್ಷಾ ಕವಾಟ ತೆರೆದುಕೊಂಡಿತು, ತೆರೆಯಬೇಕಾದದ್ದೇ. ಸೋರಿಕೆ ಇಲ್ಲ. ವಿಚಿತ್ರ ಸದ್ದಿಲ್ಲ. ಲಾಗ್ ಪುಸ್ತಕದಲ್ಲಿ ಹಾಗೇ ಬರೆದರು. ಬಾಗಿಲು ಸರಿಯಾಗೇ ಇತ್ತು.

ಗುಂಡಿ ಮಾತ್ರ ಮ್ಯಾನುಯಲ್‌ನಲ್ಲೇ ಉಳಿಯಿತು, ಅನ್ನುತ್ತದೆ ಗ್ರೀಸ್ ದೇಶದ ತನಿಖಾ ಮಂಡಳಿ 2006ರಲ್ಲಿ ಕೊಟ್ಟ ವರದಿ.

ಬೆಳಿಗ್ಗೆ ಹೊಸ ಪೈಲಟ್‌ಗಳು ಬಂದರು. ವಿಮಾನ ಹೋಗಬೇಕಿದ್ದದ್ದು ಅಥೆನ್ಸ್ ಮೂಲಕ ಪ್ರಾಗ್‌ಗೆ. ಹೊರಡುವ ಮುಂಚಿನ ಸಿದ್ಧತೆಯಲ್ಲಿ ಒಮ್ಮೆ, ಇಂಜಿನ್ ಶುರು ಮಾಡುವ ಮುಂಚಿನ ಚೆಕ್‌ಲಿಸ್ಟಿನಲ್ಲಿ ಒಮ್ಮೆ, ಮೇಲೇರಿದ ಮೇಲಿನ ಚೆಕ್‌ಲಿಸ್ಟಿನಲ್ಲಿ ಮತ್ತೊಮ್ಮೆ: ಆ ಗುಂಡಿ ಕಣ್ಣಿಗೆ ಬೀಳಬೇಕಾದ ಸಂದರ್ಭ ಮೂರು ಬಂದವು. ಮೂರೂ ಸಲ ತಪ್ಪಿತು. ಫಲಕದಲ್ಲಿ ‘ಮ್ಯಾನುಯಲ್’ ಅಂತ ಒಂದು ಹಸಿರು ದೀಪ ಉರಿಯುತ್ತಲೇ ಇತ್ತು. ಹಸಿರು ಅಂದ್ರೆ ಎಲ್ಲ ಸರಿ ಅಂತ ತಾನೇ ನಮ್ಮ ಕಣ್ಣಿಗೆ ಅಭ್ಯಾಸ?

9:07ಕ್ಕೆ ವಿಮಾನ ಏರಿತು. ಕವಾಟ ಸ್ವಲ್ಪ ತೆರೆದೇ ನಿಂತಿತ್ತು, ಮುಚ್ಚುವಂತೆ ಹೇಳಲು ‘ಆಟೋ’ ಇರಲಿಲ್ಲ. ತುಂಬಿದ ಗಾಳಿ ತುಂಬಿದ ಹಾಗೇ ಹೊರಗೆ ಹೋಯಿತು. ಐದು ನಿಮಿಷದಲ್ಲಿ, 12,000 ಅಡಿಯ ಹತ್ತಿರ, ಎಚ್ಚರಿಕೆಯ ಹಾರ್ನ್ ಕೂಗಿತು. ಕ್ಯಾಬಿನ್ನಿನಲ್ಲಿ ಒತ್ತಡ ಇಲ್ಲ ಅಂತ ಹೇಳುವ ಹಾರ್ನ್ ಅದು. ಆದರೆ ಆ ವಿಮಾನದಲ್ಲಿ ಅದೇ ಹಾರ್ನ್, ಅದೇ ಸದ್ದು, ಇನ್ನೊಂದು ಕೆಲಸಕ್ಕೂ ಇತ್ತು: ನೆಲದ ಮೇಲಿರುವಾಗ ‘ಟೇಕಾಫಿಗೆ ವಿಮಾನ ಸಿದ್ಧವಾಗಿಲ್ಲ’ ಅಂತ ಹೇಳೋಕೆ. ಪೈಲಟ್‌ಗಳು ಅದನ್ನು ಈ ಎರಡನೆಯದು ಅಂದುಕೊಂಡರು. ಯಂತ್ರಗಳನ್ನು ತಂಪು ಮಾಡುವ ವ್ಯವಸ್ಥೆಯ ದೀಪವೂ ಹತ್ತಿತು. ಕಂಪನಿಯ ಆಫೀಸಿಗೆ ರೇಡಿಯೋದಲ್ಲಿ ಮಾತಾಡಿದರು. ವಿಮಾನ ಏರುತ್ತಲೇ ಇತ್ತು.

ಆಫೀಸಿನವರು ರಾತ್ರಿ ಪರೀಕ್ಷೆ ಮಾಡಿದ್ದ ಇಂಜಿನಿಯರನ್ನೇ ರೇಡಿಯೋಗೆ ಕರೆದರು. ಗುಂಡಿ ಆಟೋದಲ್ಲಿದೆಯಾ ಅಂತ ತಾನು ಕೇಳಿದೆ ಅನ್ನೋದು ಅವರ ಹೇಳಿಕೆ. ಸರಿಯಾದ ಪ್ರಶ್ನೆ, ಸರಿಯಾದ ವ್ಯಕ್ತಿಯಿಂದ. ಆದರೆ ಆ ಹೊತ್ತಿಗೆ ಕ್ಯಾಪ್ಟನ್ ತಂಪು ಮಾಡುವ ಯಂತ್ರದ ಸರ್ಕ್ಯೂಟ್ ಬ್ರೇಕರ್ ಎಲ್ಲಿದೆ ಅಂತ ಹುಡುಕುತ್ತಿದ್ದರು. ಆಮ್ಲಜನಕ ಕಡಿಮೆಯಾದರೆ ನೋವಾಗೋದಿಲ್ಲ, ಉಸಿರು ಕಟ್ಟೋದೂ ಇಲ್ಲ. ಮೊದಲು ಹೋಗೋದು ವಿವೇಚನೆ. ನನಗೇನೋ ಆಗ್ತಿದೆ ಅಂತ ತಿಳಿಯುವ ಶಕ್ತಿಯನ್ನೇ ಅದು ಮೊದಲು ಕಸಿದುಕೊಳ್ಳುತ್ತದೆ. 9:20ಕ್ಕೆ, 29,000 ಅಡಿಯ ಹತ್ತಿರ, ಮಾತು ನಿಂತಿತು.

ಆಟೋಪೈಲಟ್ ತನ್ನ ಕೆಲಸ ತಾನು ಮಾಡಿತು. 34,000 ಅಡಿಗೆ ಏರಿ, ಅಥೆನ್ಸ್ ಕಡೆ ಹೋಗಿ, ಸುತ್ತು ಹೊಡೆಯತೊಡಗಿತು. ಪ್ರಯಾಣಿಕರ ಮುಖವಾಡಗಳು ತಾವಾಗಿ ಕೆಳಗೆ ಬಿದ್ದಿದ್ದವು. ಅವುಗಳಲ್ಲಿ ಆಮ್ಲಜನಕ ಬರುವುದು ಸುಮಾರು 12 ನಿಮಿಷ. 11:24ಕ್ಕೆ ಗ್ರೀಸ್ ವಾಯುಪಡೆಯ ಎರಡು ಎಫ್-16 ವಿಮಾನಗಳು ಪಕ್ಕಕ್ಕೆ ಬಂದು ನೋಡಿದಾಗ ಕ್ಯಾಪ್ಟನ್ ಸೀಟು ಖಾಲಿ, ಕೋ-ಪೈಲಟ್ ಕುಸಿದು ಬಿದ್ದಿದ್ದರು. 11:49ಕ್ಕೆ ಕಾಕ್‌ಪಿಟ್ಟಿನೊಳಗೆ ಒಬ್ಬರು ಬಂದು ಕೂತರು. ಕ್ಯಾಬಿನ್ ಸಿಬ್ಬಂದಿಯ ಒಬ್ಬ ತರುಣ. ಅವರಿಗೆ ವಿಮಾನ ಓಡಿಸುವ ಲೈಸೆನ್ಸೂ ಇತ್ತು. ಆದರೆ ಅಷ್ಟರಲ್ಲಿ ಇಂಧನ ಮುಗಿದು ಇಂಜಿನ್‌ಗಳು ಒಂದೊಂದಾಗಿ ನಿಂತವು. 12:03ಕ್ಕೆ ಅಥೆನ್ಸ್ ಬಳಿಯ ಗ್ರಾಮಟಿಕೊ ಊರಿನ ಗುಡ್ಡಕ್ಕೆ ವಿಮಾನ ಬಡಿಯಿತು. 115 ಪ್ರಯಾಣಿಕರು, 6 ಸಿಬ್ಬಂದಿ.

ಉಪ್ಪಿನಕಾಯಿ ಜಾಡಿಯ ನಿಯಮ

ಇದನ್ನು ಓದಿದ ಮೇಲೆ ಯಾರೋ ಒಬ್ಬರ ಮೇಲೆ ಬೆರಳು ತೋರಿಸೋದು ಸುಲಭ. ವರದಿ ಹಾಗೆ ಮಾಡಿಲ್ಲ. ಮೂರು ಸಲ ಗಮನಿಸದ ಪೈಲಟ್‌ಗಳು, ಒಂದೇ ಸದ್ದನ್ನು ಎರಡು ಕೆಲಸಕ್ಕೆ ಇಟ್ಟ ವಿನ್ಯಾಸ, ವಿಮಾನ ಕಂಪನಿ, ಅದನ್ನು ನೋಡಿಕೊಳ್ಳಬೇಕಿದ್ದ ಸರ್ಕಾರಿ ಇಲಾಖೆ, ಎಲ್ಲರ ಹೆಸರೂ ಬಂದಿದೆ. ಗುಂಡಿ ವಾಪಸ್ ತಿರುಗಿಸದೆ ಉಳಿದದ್ದು ಆ ಸರಪಳಿಯ ಒಂದು ಕೊಂಡಿ. ಆದರೆ ಮೊದಲ ಕೊಂಡಿ ಅದೇ. ನನ್ನಂಥವರು ಹೆಚ್ಚು ಯೋಚಿಸಬೇಕಾದದ್ದೂ ಅದನ್ನೇ.

ಯಾಕಂದ್ರೆ ಪರೀಕ್ಷೆ ಅನ್ನೋದು ಬರೀ ನೋಡುವ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಪರೀಕ್ಷೆ ಮಾಡೋಕೆ ವಸ್ತುವನ್ನು ಮುಟ್ಟಬೇಕು, ಅದರ ಸಹಜ ಸ್ಥಿತಿಯಿಂದ ಕದಲಿಸಬೇಕು. ಬಾಗಿಲನ್ನು ಪರೀಕ್ಷಿಸೋಕೆ ಕವಾಟವನ್ನು ಮುಟ್ಟಿದರು. ಫಲಿತಾಂಶ ಬರೆದದ್ದು ಬಾಗಿಲ ಬಗ್ಗೆ, ಕದಲಿದ್ದು ಕವಾಟ. ಲಾಗ್ ಪುಸ್ತಕ ಓದಿದವರಿಗೆ ಕಾಣೋದು ‘ಸೋರಿಕೆ ಇಲ್ಲ’ ಅನ್ನೋ ನೆಮ್ಮದಿಯ ಸಾಲು ಮಾತ್ರ.

ಸಾಫ್ಟ್‌ವೇರಿನಲ್ಲಿ ನಾವು ಪ್ರತಿ ಟೆಸ್ಟಿಗೂ ಮೂರು ಭಾಗ ಬರೆಯುತ್ತೇವೆ: ಮೊದಲು ಸಿದ್ಧತೆ, ಆಮೇಲೆ ಪರೀಕ್ಷೆ, ಕೊನೆಗೆ ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡೋದು. ಈ ಮೂರನೆಯದನ್ನು ‘ಟೇರ್‌ಡೌನ್’ ಅಂತೀವಿ. ಅದನ್ನು ಬರೆಯೋಕೆ ಯಾರಿಗೂ ಉತ್ಸಾಹ ಇರೋದಿಲ್ಲ, ಉತ್ತರ ಆಗಲೇ ಬಂದಾಗಿರುತ್ತಲ್ಲ! ಅದಕ್ಕೇ ಒಳ್ಳೆಯ ವ್ಯವಸ್ಥೆಗಳು ಅದನ್ನು ಮನುಷ್ಯನ ನೆನಪಿಗೆ ಬಿಡೋದಿಲ್ಲ. ಟೆಸ್ಟ್ ಪಾಸಾಗಲಿ, ಫೇಲಾಗಲಿ, ಟೇರ್‌ಡೌನ್ ತಾನಾಗಿ ಓಡುತ್ತದೆ. “ಮುಗಿದ ಮೇಲೆ ಮೊದಲಿನ ಸ್ಥಿತಿಗೆ ತನ್ನಿ” ಅಂತ ಒಂದು ಸಾಲು ಬರೆದರೆ ಸಾಲದು. ಮೊದಲಿನ ಸ್ಥಿತಿ ಅಂದ್ರೆ ಯಾವುದು? ಯಾವ ಗುಂಡಿ, ಯಾವ ಕಡೆ? ಒಂದೊಂದನ್ನೂ ಹೆಸರು ಹಿಡಿದು ಹೇಳಬೇಕು.

ವಿಮಾನದವರಿಗೆ ಇದು ಗೊತ್ತಿಲ್ಲ ಅಂತಲ್ಲ. ನಿಲ್ದಾಣದಲ್ಲಿ ನಿಂತ ವಿಮಾನಗಳ ಮೇಲೆ ಜೋಲಾಡುವ ಕೆಂಪು ಪಟ್ಟಿಗಳನ್ನು ನೋಡಿರ್ತೀರಿ, ‘ಹಾರುವ ಮುಂಚೆ ತೆಗೆಯಿರಿ’ ಅಂತ ಬರೆದಿರುತ್ತದೆ. ಅದು ಅವರ ಟೇರ್‌ಡೌನ್. 1996ರ ಅಕ್ಟೋಬರಿನಲ್ಲಿ ಪೆರು ದೇಶದಲ್ಲಿ ಏರೋಪೆರು ಕಂಪನಿಯ ವಿಮಾನ ಸಮುದ್ರಕ್ಕೆ ಬಿದ್ದು 70 ಜನ ಸತ್ತದ್ದು, ತೊಳೆಯುವಾಗ ನೀರು ಹೋಗದಿರಲಿ ಅಂತ ಒತ್ತಡ ಅಳೆಯುವ ತೂತುಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯದೆ ಬಿಟ್ಟದ್ದರಿಂದ. ಆ ಟೇಪ್ ಕೆಂಪಗಿರಲಿಲ್ಲ. ವಿಮಾನದ ಮೈಬಣ್ಣದ್ದೇ ಆಗಿತ್ತು. ಇನ್ನೂ ಇತ್ತೀಚಿನದು ಬೇಕಾ? 2024ರ ಜನವರಿ 5ರಂದು ಪೋರ್ಟ್‌ಲ್ಯಾಂಡಿನಿಂದ ಏರಿದ ಅಲಾಸ್ಕಾ ಏರ್‌ಲೈನ್ಸ್‌ನ 737 ಮ್ಯಾಕ್ಸ್ 9 ವಿಮಾನದಲ್ಲಿ ಬಾಗಿಲಿನ ಜಾಗ ಮುಚ್ಚಿದ್ದ ಫಲಕವೇ ಹಾರಿಹೋಯಿತಲ್ಲ, ಅದನ್ನು ಕಾರ್ಖಾನೆಯಲ್ಲಿ ತೆಗೆದದ್ದು ಪಕ್ಕದ ರಿವೆಟ್‌ಗಳನ್ನು ಸರಿಪಡಿಸಲು. ರಿವೆಟ್ ಸರಿಯಾಯಿತು. ಫಲಕ ಹಿಡಿಯಬೇಕಿದ್ದ ನಾಲ್ಕು ಬೋಲ್ಟ್ ವಾಪಸ್ ಬರಲಿಲ್ಲ. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ.

ನಮ್ಮೂರಿನ ಲೈನ್‌ಮನ್‌ಗಳ ಪದ್ಧತಿ ನನಗೆ ಇಲ್ಲಿ ನೆನಪಾಗುತ್ತದೆ. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿನಿಂದ ‘ಲೈನ್ ಕ್ಲಿಯರ್’ ತಗೋಬೇಕು. ಕೆಲಸ ಮುಗಿಸಿ, ಇಳಿದು, ಆ ಲೈನ್ ಕ್ಲಿಯರ್ ಹಿಂದಿರುಗಿಸುವ ತನಕ ಆ ಲೈನಿಗೆ ಕರೆಂಟ್ ಕೊಡುವಂತಿಲ್ಲ. ಅಲ್ಲಿ ‘ಕೆಲಸ ಮುಗಿಯಿತು’ ಅನ್ನೋದಕ್ಕೆ ಅರ್ಥ ತಂತಿ ಸರಿಯಾಯಿತು ಅಂತಲ್ಲ, ತಗೊಂಡದ್ದು ವಾಪಸ್ ಕೊಟ್ಟಾಯಿತು ಅಂತ. ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿ ಎತ್ತಿದವರಿಗೆ ನಮ್ಮ ಅಮ್ಮಂದಿರು ಹೇಳೋದೂ ಇದನ್ನೇ: “ತಗೊಂಡ ಜಾಗದಲ್ಲೇ ಇಡು.”

ಈಗ ಸ್ವಲ್ಪ ಸಮಾಧಾನದ ಸುದ್ದಿ. ಗ್ರಾಮಟಿಕೊ ಆದ ಮೇಲೆ ಆ ಹಾರ್ನಿನ ಗೊಂದಲಕ್ಕೆ ಮದ್ದು ಬಂತು. ಹಳೆಯ 737ಗಳಲ್ಲಿ ಎರಡು ಎಚ್ಚರಿಕೆಗಳಿಗೂ ಬೇರೆ ಬೇರೆ ದೀಪ ಹಾಕಲೇಬೇಕು ಅಂತ 2011ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಆದೇಶ ಹೊರಡಿಸಿತು. ಹಾಗಂತ ಮನುಷ್ಯನ ಮರೆವು ಹೋಗಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಕ್ಯಾಬಿನ್ನಿಗೆ ಗಾಳಿ ಬಿಡುವ ಸ್ವಿಚ್ ಹಾಕುವುದೇ ಬಿಟ್ಟುಹೋಗಿ, ಮೂವತ್ತಕ್ಕೂ ಹೆಚ್ಚು ಜನರಿಗೆ ಮೂಗು-ಕಿವಿಯಲ್ಲಿ ರಕ್ತ ಬಂತು. ವಿಮಾನ ಮುಂಬಯಿಗೇ ವಾಪಸಾಯಿತು, ಎಲ್ಲರೂ ಬದುಕಿದರು.

ಹಾಗಾಗಿ ಬಾಗಿಲ ಪಕ್ಕದ ಶಿಳ್ಳೆಗೆ ಹೆದರಬೇಡಿ. ಸದ್ದು ತೀರಾ ಜೋರಾದರೆ ಸಿಬ್ಬಂದಿಗೆ ಹೇಳಿ. ಅವರು ಬರೆದಿಡುತ್ತಾರೆ, ರಾತ್ರಿ ಯಾರೋ ಬಂದು ನೋಡುತ್ತಾರೆ. ಮುಖವಾಡ ಕೆಳಗೆ ಬಿದ್ದರೆ ಮಾತ್ರ ಯಾಕೆ, ಏನು ಅಂತ ಅಕ್ಕಪಕ್ಕ ಕೇಳುತ್ತಾ ಕೂರಬೇಡಿ. ಮೊದಲು ನಿಮ್ಮದು ಹಾಕಿಕೊಂಡು, ಆಮೇಲೆ ಮಕ್ಕಳದು. ಇನ್ನು ನೀವು ಯಾವುದೇ ಕಸುಬಿನವರಾಗಿರಿ, ಏನನ್ನಾದರೂ ಪರೀಕ್ಷೆ ಮಾಡಿ “ಎಲ್ಲ ಸರಿಯಿದೆ” ಅಂತ ಬರೆಯುವ ಮುಂಚೆ ಇನ್ನೊಂದು ಸಾಲು ಬರೆಯಿರಿ: ಇದನ್ನು ನೋಡೋಕೆ ನಾನು ಏನೇನು ಮುಟ್ಟಿದೆ, ಅದು ಈಗ ಎಲ್ಲಿದೆ.

ಆ ರಾತ್ರಿಯ ಲಾಗ್ ಪುಸ್ತಕದಲ್ಲಿ ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಇನ್ನೊಂದು ಸಾಲು ಇರಲಿಲ್ಲ, ಅಷ್ಟೇ.